ಕಾಯಕವೂ ಕಾಯುವಿಕೆಯೂ

ಸಂಸಾರದಲ್ಲಿರುವವನಿಗೆ ಸಂಗ್ರಹವು ಅನಿವಾರ್ಯವಾದುದು. ಬಿತ್ತನೆಯ ಬೀಜವನ್ನು ತೆಗೆದಿರಿಸದ ಒಕ್ಕಲಿಗನಿಗೆ ಮುಂದಿನ ವರ್ಷದ ಬೆಳೆಯಿಲ್ಲ. ಮಳೆಗಾಲಕ್ಕೆ ಸೌದೆಯನ್ನು ಕೂಡಿಸಿಡದ ಮನೆಯಲ್ಲಿ ಆಷಾಢದ ಒಲೆ ಹೊತ್ತಲಾರದು. ಆದುದರಿಂದ ಕೂಡಿಡುವುದೇ ದೋಷವೆಂದು ಬೋಧಿಸುವವನು ಗೃಹಸ್ಥಧರ್ಮವನ್ನು ಬಲ್ಲವನಲ್ಲ. ಆದರೂ ಕೂಡಿಟ್ಟ ವಸ್ತುವು ಯಾವ ಉಪಯೋಗಕ್ಕಾಗಿ ಕೂಡಿದೆ, ಅದು ಯಾರ ಕೈಯನ್ನು ಸೇರುವುದಕ್ಕಾಗಿ ಕಾದಿದೆ, ಅದನ್ನು ಕಾಯುವವನ ಮನಸ್ಸು ಆ ಅವಧಿಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗಳು ಉಳಿದೇ ಇರುತ್ತವೆ. ಈ ಪ್ರಶ್ನೆಗಳು ಹಳೆಯವು. ಇಂದಿನ ಕಾಲದಲ್ಲಿ ಅವು ಹೊಸದೊಂದು ವೇಷವನ್ನು ಧರಿಸಿ ಗೃಹಸ್ಥನ ಬಾಗಿಲಿಗೆ ಬಂದಿವೆ.

ವಿಚಾರಕ್ಕೆ ತೊಡಗುವ ಮೊದಲು ಎರಡು ಶಬ್ದಗಳನ್ನು ನೋಡತಕ್ಕದ್ದು. ‘ಕಾಯಕ’ವೆಂಬುದು ‘ಕಾಯ’ವೆಂಬ ಸಂಸ್ಕೃತ ಶಬ್ದದಿಂದ ಬಂದುದು, ಶರೀರವನ್ನು ದುಡಿಸಿ ಮಾಡುವ ಕಾರ್ಯವೆಂಬುದು ಅದರ ಮೊದಲ ಅರ್ಥ. ಆ ದುಡಿಮೆಯು ಸತ್ಯಶುದ್ಧವಾಗಿರಬೇಕು, ಅದರ ಫಲವು ತನ್ನೊಬ್ಬನಿಗೇ ನಿಲ್ಲದೆ ದಾಸೋಹವಾಗಿ ಹರಿಯಬೇಕು ಎಂಬ ಅರ್ಥವನ್ನು ಅದಕ್ಕೆ ತುಂಬಿದವರು ಹನ್ನೆರಡನೆಯ ಶತಮಾನದ ಶರಣರು. ‘ಕಾಯುವಿಕೆ’ಯಾದರೋ ಅಚ್ಚಗನ್ನಡದ ‘ಕಾಯ್’ ಎಂಬ ಧಾತುವಿನದು. ಹೊಲವನ್ನು ಕಾಯುವನು ಎಂದರೆ ರಕ್ಷಿಸುವನು. ನೆಂಟನಿಗಾಗಿ ಕಾಯುವನು ಎಂದರೆ ಎದುರುನೋಡುವನು. ನೀರು ಕಾಯುತ್ತದೆ ಎಂದರೆ ಬಿಸಿಯಾಗುತ್ತದೆ. ರಕ್ಷಣೆ, ನಿರೀಕ್ಷಣೆ, ತಾಪ ಎಂಬ ಮೂರು ಅರ್ಥಗಳೂ ಒಂದೇ ಉಚ್ಚಾರದಲ್ಲಿ ಅಡಗಿವೆ. ಕಿವಿಗೆ ಹತ್ತಿರವಾಗಿರುವ ಈ ಎರಡು ಶಬ್ದಗಳು ಅರ್ಥದಲ್ಲಿಯೂ ಹತ್ತಿರವಾದವುಗಳೇ? ಕಾಯುವುದೂ ಒಂದು ಕಾಯಕವಾಗಬಲ್ಲುದೇ? ಇದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಶಿರಸಿಯಿಂದ ಸಿದ್ಧಾಪುರಕ್ಕೆ ಹೋಗುವ ದಾರಿಯಲ್ಲಿರುವ ಕಾನಸೂರಿನಲ್ಲಿ ಕಾಯುವುದೆಂದರೇನೆಂಬುದನ್ನು ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆ ಸೀಮೆಯ ತೋಟಿಗನು ಅಡಿಕೆಯನ್ನು ಕಾಯುವವನು. ಹಸಿಯಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾದುದನ್ನು ಸಿಪ್ಪೆಸಹಿತ ಒಣಗಿಸಿ ಅನಂತರ ಸುಲಿದರೆ ಚಾಲಿ. ಚೀಲ ತುಂಬಿ ಅಟ್ಟಕ್ಕೇರಿಸಿದ ಅಡಿಕೆಯನ್ನು ಕೆಲವರು ಕೂಡಲೇ ಮಾರುವರು. ಅನುಕೂಲವಿದ್ದವರು ಧಾರಣೆ ಏರಲೆಂದು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಇರಿಸುವರು. ಕಾಯಲು ಶಕ್ತಿಯಿಲ್ಲದ ಬೆಳೆಗಾರನು ದಲ್ಲಾಳಿಯ ಕೈಗೆ ಸಿಕ್ಕಿ ಅಗ್ಗಕ್ಕೆ ಮಾರಬಾರದೆಂಬ ಉದ್ದೇಶದಿಂದಲೇ ಸಹಕಾರಿ ಮಾರಾಟದ ಸಂಘಗಳು ಹುಟ್ಟಿಕೊಂಡವು. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯು 1923ರಷ್ಟು ಹಿಂದಿನದು. ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಅಡಿಕೆಗೆ 2019ರಲ್ಲಿ ‘ಸಿರ್ಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತೂ ದೊರೆತಿದೆ. ಹೀಗೆ ಕಾದು ಮಾರುವುದನ್ನು ಆ ಸೀಮೆಯಲ್ಲಿ ಯಾರೂ ಅಧರ್ಮವೆಂದು ಎಣಿಸಿದುದಿಲ್ಲ.

ಅಂತಹ ಊರಿನ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಹಿರಿಯನು ತೋಟವನ್ನು ನೋಡಿಕೊಂಡಿರುವ ಇಷ್ಟಲಿಂಗನಿಷ್ಠನಾದ ಗೃಹಸ್ಥ. ಮಗನು ಬೆಂಗಳೂರಿನಲ್ಲಿ ಉದ್ಯೋಗಿ. ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗವು ತೋಟಕ್ಕೆ ಹತ್ತಿ ಫಸಲು ಕುಗ್ಗಿದೆ. ಏಳು ವರ್ಷದ ಮೊಮ್ಮಗನು ದಸರೆಯ ರಜೆಗೆ ಊರಿಗೆ ಬಂದು ಅಟ್ಟವನ್ನು ಹತ್ತಿದಾಗ, ಅಡಿಕೆಯ ಚೀಲಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿದ ಹನ್ನೆರಡು ದೊಡ್ಡ ಪೆಟ್ಟಿಗೆಗಳನ್ನು ಕಾಣುತ್ತಾನೆ. ಪೆಟ್ಟಿಗೆಗಳ ಮೇಲೆ ಕೋಟೆ, ಹಡಗು, ರೈಲುಬಂಡಿಗಳ ಬಣ್ಣದ ಚಿತ್ರಗಳಿವೆ. ಒಂದಕ್ಕೊಂದು ಕಚ್ಚಿಕೊಳ್ಳುವ ಸಣ್ಣ ಇಟ್ಟಿಗೆಗಳನ್ನು ಜೋಡಿಸಿ ಕಟ್ಟುವ ಆಟಿಕೆಗಳು ಅವು. ಹುಡುಗನು ಒಂದನ್ನು ಎತ್ತಿಕೊಂಡು ಕೆಳಗಿಳಿದು, “ಅಜ್ಜಾ, ಇದನ್ನು ಬಿಚ್ಚಿಕೊಡು” ಎನ್ನುತ್ತಾನೆ. ಮಗನು ಓಡಿಬಂದು ಪೆಟ್ಟಿಗೆಯನ್ನು ಹಿಡಿದುಕೊಳ್ಳುತ್ತಾನೆ.

“ಬೇಡಪ್ಪಾ. ಮುದ್ರೆ ಒಡೆದರೆ ಇದರ ಬೆಲೆ ಇಳಿದುಹೋಗುತ್ತದೆ. ಇವನ್ನು ಮಾರುವುದಕ್ಕೆ ಇಟ್ಟಿದ್ದೇನೆ.”

“ಯಾವುದರ ಬೆಲೆಯಪ್ಪಾ ಇಳಿಯುವುದು? ಪೆಟ್ಟಿಗೆಯದೋ, ಒಳಗಿನ ಇಟ್ಟಿಗೆಯದೋ?” ಎಂದು ಹಿರಿಯನು ಕೇಳುತ್ತಾನೆ.

ಮುದುಕನ ಈ ಪ್ರಶ್ನೆಯು ಅಜ್ಞಾನದ್ದಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಈ ವ್ಯಾಪಾರದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು.

ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿಯಿದ್ದನು. ಜಗತ್ತಿನಲ್ಲೆಲ್ಲ ಹಣದ ಮುಗ್ಗಟ್ಟು ತೋರಿ ಕೆಲಸ ಸಿಗದೆ ಹೋದಾಗ, 1932ರಲ್ಲಿ ಅವನು ಮರದ ಆಟಿಕೆಗಳನ್ನು ಮಾಡತೊಡಗಿದನು. ತನ್ನ ಕಾರ್ಖಾನೆಗೆ ಅವನಿಟ್ಟ ‘ಲೆಗೊ’ ಎಂಬ ಹೆಸರು ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಶಬ್ದಗಳಿಂದ ಬಂದುದು. ಇಂದು ಲೋಕಪ್ರಸಿದ್ಧವಾಗಿರುವ ಪ್ಲಾಸ್ಟಿಕ್ ಇಟ್ಟಿಗೆಯ ರಚನೆಗೆ 1958ರ ಜನವರಿ 28ರಂದು ಹಕ್ಕುಪತ್ರಕ್ಕಾಗಿ ಅರ್ಜಿ ಸಲ್ಲಿಸಲಾಯಿತು. ಆ ವರ್ಷದ ಇಟ್ಟಿಗೆಯು ಈ ವರ್ಷದ ಇಟ್ಟಿಗೆಯೊಡನೆ ಈಗಲೂ ಕಚ್ಚಿಕೊಳ್ಳುತ್ತದೆ. ಎಂಟು ಗುಬುಟುಗಳುಳ್ಳ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕಹಾಕಿದ್ದಾರೆ.

ಕಂಪನಿಯು ಒಂದೊಂದು ಮಾದರಿಯ ಪೆಟ್ಟಿಗೆಯನ್ನು ಕೆಲವು ಕಾಲ ತಯಾರಿಸಿ, ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಒಳಗೆ ನಿಲ್ಲಿಸಿಬಿಡುತ್ತದೆ. ನೌಕರನು ನಿವೃತ್ತನಾದಂತೆ ಆ ಮಾದರಿಯೂ ನಿವೃತ್ತವಾಯಿತೆಂದು ಹೇಳುವುದು ವಾಡಿಕೆ. ಅನಂತರ ಅದು ಅಂಗಡಿಯಲ್ಲಿ ದೊರೆಯದು. ಬೇಕೆನ್ನುವವನು ಕೂಡಿಟ್ಟವನ ಬಳಿಗೇ ಬರಬೇಕು. ಆದುದರಿಂದ ನಿಲ್ಲಲಿರುವ ಮಾದರಿಗಳನ್ನು ಮುಂಚಿತವಾಗಿ ಊಹಿಸಿ, ಕೊಂಡು, ಮುದ್ರೆ ಒಡೆಯದೆ ವರ್ಷಗಟ್ಟಲೆ ಇಟ್ಟು, ಬೆಲೆ ಏರಿದ ಮೇಲೆ ಮಾರುವ ಜನರು ಅನೇಕ ದೇಶಗಳಲ್ಲಿ ಹುಟ್ಟಿಕೊಂಡಿದ್ದಾರೆ. ಮಾಸ್ಕೋದ ವಿದ್ಯಾಲಯವೊಂದರ ಅರ್ಥಶಾಸ್ತ್ರಜ್ಞರು 1987ರಿಂದ 2015ರವರೆಗಿನ ಬೆಲೆಗಳನ್ನು ಪರಿಶೀಲಿಸಿ, ಇಂತಹ ಪೆಟ್ಟಿಗೆಗಳ ಮೇಲಿನ ಲಾಭವು ಸರಾಸರಿಯಲ್ಲಿ ವರ್ಷಕ್ಕೆ ಶೇಕಡಾ 11ರಷ್ಟಿತ್ತೆಂದು ಬರೆದಿದ್ದಾರೆ. ಭಾರತದಲ್ಲಿ ಆಟಿಕೆಗಳ ಆಮದು ಸುಂಕವು 2020ರಲ್ಲಿ ಶೇಕಡಾ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿದ ಮೇಲೆ, ಇಲ್ಲಿ ಅವು ಇನ್ನಷ್ಟು ತುಟ್ಟಿಯಾದವು. ತುಟ್ಟಿಯಾದುದು ಇನ್ನೂ ತುಟ್ಟಿಯಾಗುವುದೆಂಬ ಆಸೆಯು ಮನುಷ್ಯಸ್ವಭಾವ.

ಸರಾಸರಿಯೆಂಬುದು ಒಂದು ಮೋಹಕವಾದ ಶಬ್ದ. ಹೊಳೆಯ ಆಳವು ಸರಾಸರಿಯಲ್ಲಿ ಮೊಣಕಾಲಷ್ಟೆಂದು ನಂಬಿ ಇಳಿದವನು ಮಡುವಿನಲ್ಲಿ ಮುಳುಗಬಹುದು. ಆ ಪರಿಶೀಲನೆಯಲ್ಲಿಯೇ ಕೆಲವು ಪೆಟ್ಟಿಗೆಗಳ ಬೆಲೆ ಏರುವ ಬದಲು ಇಳಿದುದು ಕಂಡುಬಂದಿದೆ. ಅಮೆರಿಕದಲ್ಲಿ 1993ರಲ್ಲಿ ಮಾರುಕಟ್ಟೆಗೆ ಬಂದ ‘ಬೀನಿ ಬೇಬಿ’ ಎಂಬ ಸಣ್ಣ ಬಟ್ಟೆಯ ಗೊಂಬೆಗಳ ವೃತ್ತಾಂತವು ಇನ್ನೂ ಎಚ್ಚರಿಕೆಯದು. ಅವುಗಳ ಕಂಪನಿಯೂ ಒಂದೊಂದೇ ಗೊಂಬೆಯನ್ನು ನಿವೃತ್ತಗೊಳಿಸುತ್ತಿದ್ದಿತು. ಮಕ್ಕಳ ಕಾಲೇಜಿನ ವೆಚ್ಚ ಇದರಿಂದಲೇ ಹೊರಡುವುದೆಂದು ಗೃಹಸ್ಥರು ಗೊಂಬೆಗಳನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಕೂಡಿಟ್ಟರು. 1999ರ ಸುಮಾರಿಗೆ ಆ ಜ್ವರವು ಇಳಿಯಿತು. ಗೊಂಬೆಗಳು ಉಳಿದವು, ಬೆಲೆ ಉಳಿಯಲಿಲ್ಲ. ಆದರೆ ನಷ್ಟದ ಭಯವನ್ನು ತೋರಿಸುವುದು ವರ್ತಕನ ಬುದ್ಧಿವಾದವೇ ಹೊರತು ಧರ್ಮವಿಚಾರವಲ್ಲ. ಲಾಭವು ನಿಶ್ಚಯವೆಂದೇ ಇಟ್ಟುಕೊಂಡರೂ ಪ್ರಶ್ನೆಯು ಉಳಿಯುತ್ತದೆ. ಆ ಲಾಭವು ಎಂತಹುದು?

ಮೊದಲು ಮಗನ ಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಅವನು ದುರಾಸೆಯ ಮನುಷ್ಯನಲ್ಲ. ತೋಟದ ಆದಾಯ ಕುಗ್ಗಿದೆ. ಇನ್ನು ಕೆಲವೇ ವರ್ಷಗಳಲ್ಲಿ ಹುಡುಗನ ವಿದ್ಯಾಭ್ಯಾಸಕ್ಕೆ ಹಣ ಬೇಕು. ತನ್ನ ಉದ್ಯೋಗಕ್ಕೆ ನಿವೃತ್ತಿವೇತನವಿಲ್ಲ. ಅವನು ಕೊಂಡುದು ತನ್ನ ಸಂಬಳದ ಹಣದಿಂದ, ಅಂಗಡಿ ಹೇಳಿದ ಬೆಲೆಗೆ. ಯಾರನ್ನೂ ಮೋಸಗೊಳಿಸಿಲ್ಲ, ತೂಕದಲ್ಲಿ ಕಡಿಮೆ ಕೊಟ್ಟಿಲ್ಲ. “ಆಟಿಕೆಯು ಅಕ್ಕಿಯಲ್ಲ, ಅದಿಲ್ಲದೆ ಯಾರೂ ಉಪವಾಸ ಬೀಳುವುದಿಲ್ಲ” ಎಂದು ಅವನು ಹೇಳಿದರೆ ಅದು ಸತ್ಯ. ಧಾನ್ಯ, ಔಷಧ ಮುಂತಾದುವನ್ನು ಬಚ್ಚಿಡುವುದನ್ನು ತಡೆಯಲು 1955ರ ಅವಶ್ಯಕ ವಸ್ತುಗಳ ಕಾಯಿದೆ ಇದೆ. ಆಟಿಕೆಯನ್ನು ಇಟ್ಟುಕೊಂಡವನಿಗೆ ಅದು ತಾಗದು. “ಅಪ್ಪಾ, ನೀವು ಅಟ್ಟದಲ್ಲಿ ಚಾಲಿಯನ್ನು ಇಟ್ಟಿಲ್ಲವೇ? ಅದಕ್ಕೂ ಇದಕ್ಕೂ ಏನು ಭೇದ?” ಎಂದು ಅವನು ಕೇಳಬಹುದು. ಈ ಮಾತಿಗೆ ಉತ್ತರ ಹೇಳದೆ ಮಗನನ್ನು ಗದರಿಸುವ ಹಕ್ಕು ತಂದೆಗೂ ಇಲ್ಲ, ಉಪದೇಶಕನಿಗೂ ಇಲ್ಲ.

ಭೇದವನ್ನು ಶ್ರಮದಲ್ಲಿ ಹುಡುಕುವುದು ಸುಲಭ. ಆಷಾಢದ ಮಳೆಯಲ್ಲಿ ಕೊಳೆ ರೋಗ ಬಾರದಂತೆ ಹಿಂದೆ ಹುಲ್ಲಿನ ಕೊಟ್ಟೆಯನ್ನು ಕಟ್ಟಿಸುತ್ತಿದ್ದರು. ಈಗ ಮೈಲುತುತ್ತು, ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಸುತ್ತಾರೆ. ಕೊನೆಗಾರನು ಮರವೇರಿ ಕೊನೆಯನ್ನಿಳಿಸುವನು. ಹೆಂಗಸರು ರಾತ್ರಿಯೆಲ್ಲ ಕುಳಿತು ಸುಲಿಯುವರು. ಅಟ್ಟಕ್ಕೇರಿಸಿದ ಮೇಲೆಯೂ ಬೂಸಲು ಹಿಡಿಯದಂತೆ ಬಿಸಿಲು ಕಂಡಾಗ ಮತ್ತೆ ಹರವಿ ಒಣಗಿಸಬೇಕು. ಆ ಕಾಯುವಿಕೆಯಲ್ಲಿ ಕಾಯವೂ ತೊಡಗಿದೆ. ಆದರೆ ಇದೊಂದೇ ಉತ್ತರವಾದರೆ ಸಾಲದು. ಮಗನೂ ಸ್ವಲ್ಪ ಶ್ರಮಪಡುತ್ತಾನೆ. ಯಾವ ಮಾದರಿ ನಿಲ್ಲಲಿದೆಯೆಂದು ವಿಚಾರಿಸುತ್ತಾನೆ, ಮಲೆನಾಡಿನ ತೇವದಿಂದ ಪೆಟ್ಟಿಗೆಯ ಮೂಲೆ ಮೆತ್ತಗಾಗದಂತೆ, ಗೆದ್ದಲು ಹತ್ತದಂತೆ ಕಾಪಾಡುತ್ತಾನೆ. ಆದುದರಿಂದ ಶ್ರಮದ ಹೆಚ್ಚುಕಡಿಮೆಯಲ್ಲಿ ಭೇದವನ್ನು ನಿಲ್ಲಿಸಲಾಗದು.

ನಿಜವಾದ ಭೇದವು ಕಾದ ವಸ್ತುವಿಗೂ ಅದರ ಉಪಯೋಗಕ್ಕೂ ಇರುವ ಸಂಬಂಧದಲ್ಲಿದೆ. ಅಡಿಕೆಯನ್ನು ಕಾಯುವವನು ಅದು ಒಂದು ದಿನ ಒಬ್ಬನ ಉಪಯೋಗಕ್ಕೆ ಹೋಗುವವರೆಗೆ ಕೆಡದಂತೆ ಕಾಯುತ್ತಾನೆ. ಅದು ಮೆಲ್ಲುವ ವಸ್ತು. ಒಬ್ಬನು ಉಪಯೋಗಿಸಿದರೆ ತೀರಿತು. ಹಾಗಾಗಿ ಉಪಯೋಗವನ್ನು ಮುಂದೂಡದೆ ಉಳಿಸುವ ಬಗೆಯೇ ಇಲ್ಲ. ಬೀಜದ ಭತ್ತ, ಹಳೆಯ ಅಕ್ಕಿ, ಉಪ್ಪಿನಕಾಯಿ ಎಲ್ಲವೂ ಹೀಗೆಯೇ. ಇಟ್ಟಿಗೆಯ ಆಟಿಕೆಯಾದರೋ ಆಡಿದರೆ ತೀರುವುದಿಲ್ಲ. ಒಂದು ಮಗು ಆಡಿ ಕಳಚಿಟ್ಟರೆ ಇನ್ನೊಂದು ಮಗು ಆಡಬಹುದು. ತಂದೆಯ ಇಟ್ಟಿಗೆಗೆ ಮಗನ ಇಟ್ಟಿಗೆ ಜೋಡಿಸಬಹುದು. 1958ರದು ಇಂದಿಗೂ ಕಚ್ಚಿಕೊಳ್ಳುತ್ತದೆಂದ ಮೇಲೆ ಇಟ್ಟಿಗೆಗೆ ನಿವೃತ್ತಿಯೇ ಇಲ್ಲ. ನಿವೃತ್ತವಾದುದು ಪೆಟ್ಟಿಗೆ ಮಾತ್ರ. ಅದೇ ಇಟ್ಟಿಗೆಗಳು, ಒಂದೂ ಕಡಿಮೆಯಿಲ್ಲದೆ, ಮುದ್ರೆ ಒಡೆದ ಪೆಟ್ಟಿಗೆಯಲ್ಲಿದ್ದರೆ ಕಡಿಮೆ ಬೆಲೆ. ಒಡೆಯದಿದ್ದರೆ ಹೆಚ್ಚು ಬೆಲೆ. ಹಾಗಾದರೆ ಆ ಹೆಚ್ಚಿನ ಹಣವನ್ನು ಕೊಡುವುದು ಯಾವುದಕ್ಕೆ? ಇಟ್ಟಿಗೆಗಲ್ಲ, ಬಣ್ಣಕ್ಕಲ್ಲ, ಆಟಕ್ಕಂತೂ ಅಲ್ಲ. ಇದನ್ನು ಇದುವರೆಗೆ ಯಾವ ಮಗುವೂ ಆಡಿಲ್ಲವೆಂಬುದಕ್ಕೆ. ಇಲ್ಲಿ ಮಾರಾಟವಾಗುತ್ತಿರುವುದು ಆಟದ ಅಭಾವ. ಮುದುಕನ ಪ್ರಶ್ನೆಗೆ ಇದೇ ಉತ್ತರ: ಇಳಿಯುವುದು ಪೆಟ್ಟಿಗೆಯ ಬೆಲೆ, ಇಟ್ಟಿಗೆಯ ಬೆಲೆ ಆಡಿದಾಗಲೇ ಮೊದಲಾಗುವುದು.

ಕನ್ನಡನಾಡಿಗೆ ಆಟಿಕೆಯ ಧರ್ಮವು ಅಪರಿಚಿತವಲ್ಲ. ಚನ್ನಪಟ್ಟಣದ ಕುಶಲಕರ್ಮಿಯು ಹಾಲೆಮರವನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣವೇರಿಸಿ ಮಾಡುವ ಬುಗುರಿ, ಗಿಲಕಿಗಳು ಮಗುವಿನ ಕೈಯಲ್ಲಿ ಸವೆಯಲೆಂದೇ ಹುಟ್ಟಿದವುಗಳು. ಮೈಸೂರಿನ ಕಡೆಯ ಮನೆಗಳಲ್ಲಿ ದಸರೆಯ ಬೊಂಬೆಗಳನ್ನು ವರ್ಷವೆಲ್ಲ ಪೆಟ್ಟಿಗೆಯಲ್ಲಿ ಕಾಪಾಡುವರು. ಅದೂ ಸಂಗ್ರಹವೇ, ಅದೂ ಕಾಯುವಿಕೆಯೇ. ಆದರೆ ನವರಾತ್ರಿ ಬಂದೊಡನೆ ಪೆಟ್ಟಿಗೆ ತೆರೆಯುತ್ತದೆ. ಅಜ್ಜಿಯ ಪಟ್ಟದ ಬೊಂಬೆಗಳನ್ನು ಮೊಮ್ಮಗಳು ಕೂರಿಸುತ್ತಾಳೆ. ನೆರೆಯ ಮಕ್ಕಳು ಬಂದು ನೋಡಿ ನಲಿಯುತ್ತಾರೆ. ತೆರೆಯುವುದಕ್ಕಾಗಿ ಮುಚ್ಚಿದ ಪೆಟ್ಟಿಗೆಯು ಒಂದು ಬಗೆ. ತೆರೆಯದಿರುವುದರಿಂದಲೇ ಬೆಲೆ ಪಡೆಯುವ ಪೆಟ್ಟಿಗೆಯು ಇನ್ನೊಂದು ಬಗೆ.

ಇನ್ನು ಕಾಯುವವನ ಮನಸ್ಸಿನ ವಿಷಯ. ಇಲ್ಲಿ ಒಂದು ಸತ್ಯವಾದ ವೃತ್ತಾಂತವು ಸಹಾಯಕ್ಕೆ ಬರುತ್ತದೆ. ಈ ಕಂಪನಿಯು 2008ರಲ್ಲಿ ಆಗ್ರೆಯ ತಾಜಮಹಲಿನ ಮಾದರಿಯೊಂದನ್ನು ಹೊರತಂದಿತು. ಅದರಲ್ಲಿ 5,900ಕ್ಕೂ ಹೆಚ್ಚು ತುಂಡುಗಳಿದ್ದವು. ಬೆಲೆ ಸುಮಾರು 300 ಡಾಲರು. ಕೆಲಕಾಲದ ಮೇಲೆ ತಯಾರಿಕೆ ನಿಂತಿತು. ಮುದ್ರೆ ಒಡೆಯದ ಪೆಟ್ಟಿಗೆಯ ಬೆಲೆಯು ಮೊದಲಿನ ಹಲವು ಪಟ್ಟು ಏರಿತು. 2017ರಲ್ಲಿ ಕಂಪನಿಯು ಅದೇ ತಾಜಮಹಲನ್ನು ಹೆಚ್ಚುಕಡಿಮೆ ಇದ್ದಂತೆಯೇ ಮತ್ತೆ ತಯಾರಿಸಿ ಸುಮಾರು 370 ಡಾಲರಿಗೆ ಮಾರತೊಡಗಿತು. ಹಳೆಯ ಪೆಟ್ಟಿಗೆಗಳ ಬೆಲೆ ಕುಸಿಯಿತು. ಸುದ್ದಿಯು ಒಂದೇ, ಅದು ಮುಟ್ಟಿದ ಮನೆಗಳು ಎರಡು. ಅಷ್ಟು ವರ್ಷ ಆ ಆಟಿಕೆಗೆ ಆಸೆಪಟ್ಟು ಕೊಳ್ಳಲಾರದಿದ್ದವನ ಮನೆಯಲ್ಲಿ ಅದು ಹಬ್ಬವಾಯಿತು. ಕೂಡಿಟ್ಟವನ ಮನೆಯಲ್ಲಿ ಸೂತಕದಂತಾಯಿತು.

ಪರರಿಗೆ ಸುಖವಾದಾಗ ತನಗೆ ದುಃಖವಾಗುವಂತೆ ಮನಸ್ಸನ್ನು ಕಟ್ಟಿಕೊಳ್ಳುವುದು ಗೃಹಸ್ಥನಿಗೆ ಕ್ಷೇಮವೇ? ಅವನು ಯಾರಿಗೂ ಕೆಡುಕು ಮಾಡಿಲ್ಲವೆಂಬುದು ನಿಜ. ಆದರೆ ಅವನು ರಾತ್ರಿ ಮಲಗುವಾಗ ಬಯಸುವುದೇನು? ಆ ಆಟಿಕೆ ಮತ್ತೆ ತಯಾರಾಗದಿರಲಿ. ಬೇರೆಯವರ ಪೆಟ್ಟಿಗೆಗಳು ಒಡೆದುಹೋಗಲಿ. ಬೇಕೆನ್ನುವವರು ಹೆಚ್ಚಲಿ, ಸಿಗುವ ಕಡೆಗಳು ಕಡಿಮೆಯಾಗಲಿ. ಈ ಬಯಕೆಗಳನ್ನು ಅವನು ಬಾಯಿಬಿಟ್ಟು ಹೇಳನು. ತನಗೆ ತಾನೂ ಹೇಳಿಕೊಳ್ಳನು. ಆದರೂ ಲಾಭದ ಲೆಕ್ಕವು ಅವನಿಗಾಗಿ ಅವನ್ನು ಬಯಸುತ್ತಲೇ ಇರುತ್ತದೆ. ‘ಕಾಯ್’ ಧಾತುವಿನ ಮೂರನೆಯ ಅರ್ಥವು ಇಲ್ಲಿ ಪ್ರಕಟವಾಗುವುದು. ಮೊದಲು ವಸ್ತುವನ್ನು ಕಾದನು, ಅನಂತರ ಬೆಲೆಗಾಗಿ ಕಾದನು, ಕೊನೆಗೆ ತಾನೇ ಒಳಗೊಳಗೆ ಕಾದನು.

ಆಗ ಮಗನು ಇನ್ನೊಂದು ಮಾತನ್ನು ಕೇಳಬಹುದು; ಅದು ಮೊದಲಿನದಕ್ಕಿಂತ ಕಠಿಣವಾದುದು. “ತೋಟಿಗರ ಮನಸ್ಸು ಇದಕ್ಕಿಂತ ಶುದ್ಧವೇ? ಬೇರೆ ಸೀಮೆಯಲ್ಲಿ ಕೊಳೆ ಬಂದಿತೆಂದು ಕೇಳಿ, ಈ ವರ್ಷ ಧಾರಣೆ ಏರುವುದೆಂದು ಸಂತೋಷಪಟ್ಟವರು ನಮ್ಮೂರಿನಲ್ಲಿ ಇಲ್ಲವೇ?” ಇದ್ದಾರೆ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ತಾಪವು ವಸ್ತುವಿನಲ್ಲಿಲ್ಲ, ಮನಸ್ಸಿನಲ್ಲಿದೆ. ಅಡಿಕೆಯ ಚೀಲದ ಮೇಲೆ ಕುಳಿತವನೂ ಅದರಲ್ಲಿ ಬೇಯಬಲ್ಲನು. ಆದರೆ ತೋಟಿಗನಿಗೆ ಆ ತಾಪದಿಂದ ಹೊರಬರುವ ದಾರಿಯೊಂದಿದೆ. ನೆರೆಯವನ ತೋಟವು ಚೆನ್ನಾಗಿ ಬಂದರೂ ತನ್ನ ತೋಟವನ್ನು ಮತ್ತಷ್ಟು ಚೆನ್ನಾಗಿ ಬೆಳೆಸಿ ಅವನು ಬಾಳಬಹುದು. ಇಬ್ಬರ ಒಳಿತೂ ಕೂಡಿಯೇ ನಡೆಯಬಹುದು. ಸಹಕಾರಿ ಸಂಘಗಳು ನಿಂತಿರುವುದು ಈ ನಂಬಿಕೆಯ ಮೇಲೆಯೇ. ಮುದ್ರೆಯ ಪೆಟ್ಟಿಗೆಯಲ್ಲಿ ಹಾಗೆ ಬೆಳೆಸತಕ್ಕದ್ದು ಏನೂ ಇಲ್ಲ. ಎಲ್ಲರಿಗೂ ಸಿಕ್ಕಿದರೆ ಅದರ ಲಾಭಕ್ಕೆ ಆಧಾರವೇ ಇಲ್ಲ. ತೋಟಿಗನಿಗೆ ಪರರ ಕೊರತೆಯು ಆಕಸ್ಮಿಕವಾಗಿ ಬರುವ ಲಾಭ. ಪೆಟ್ಟಿಗೆ ಕಾಯುವವನಿಗೆ ಅದೇ ಮೂಲಧನ.

ಬಿಲ್ಲುಂಡಿನ ಬಡಗಿಯ ಜೀವನದಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸತಕ್ಕದ್ದು. ಒಮ್ಮೆ ಅವನ ಮಗ ಗಾಟ್‌ಫ್ರೆಡ್‌ನು ಮರದ ಬಾತುಕೋಳಿಗಳ ಪೆಟ್ಟಿಗೆಯನ್ನು ರೈಲು ನಿಲ್ದಾಣಕ್ಕೆ ಸಾಗಿಸಿ ಬಂದು, ಎಂದಿನಂತೆ ಮೂರು ಸಲ ವಾರ್ನಿಷ್ ಬಳಿಯುವ ಬದಲು ಎರಡೇ ಸಲ ಬಳಿದು ಹಣ ಉಳಿಸಿದೆನೆಂದು ಹೆಮ್ಮೆಯಿಂದ ಹೇಳಿದನು. ತಂದೆಯು ಒಪ್ಪಲಿಲ್ಲ. ಕೂಡಲೇ ಹೋಗಿ ಪೆಟ್ಟಿಗೆಯನ್ನು ಹಿಂದಕ್ಕೆ ತಂದು, ರಾತ್ರಿಯೆಲ್ಲ ಕುಳಿತಾದರೂ ಮೂರನೆಯ ಲೇಪವನ್ನು ಪೂರೈಸುವಂತೆ ಹೇಳಿದನು. ಆ ಬಾತುಕೋಳಿಯನ್ನು ಎಳೆದಾಡುವ ಮಗುವಿಗೆ ಎರಡಕ್ಕೂ ಮೂರಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬಡಗಿಗೆ ಮಾತ್ರ ತಿಳಿದಿದ್ದಿತು. ಅವನಿಗೆ ಅಷ್ಟೇ ಸಾಕಾಗಿದ್ದಿತು.

ಈ ಪ್ರಸಂಗವನ್ನು ಕೇಳಿದ ಶರಣಭಕ್ತರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳದು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ. ಒಂದು ದಿನ ಮಾರಯ್ಯನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿಯು ಕದ್ದುದಲ್ಲ, ಬೇಡಿ ತಂದುದಲ್ಲ, ನೆಲದ ಮೇಲಿದ್ದುದು. ಮಾರಯ್ಯನು ಯಾರಿಗೂ ಅನ್ಯಾಯ ಮಾಡಿರಲಿಲ್ಲ. ಆದರೂ ಅಗತ್ಯವನ್ನು ಮೀರಿದುದು ಮನೆಯೊಳಗೆ ಬಂದರೆ ಮನೆಯವರ ಮನಸ್ಸು ಏನಾಗುವುದೆಂಬುದನ್ನು ಆ ತಾಯಿ ತಿಳಿದಿದ್ದಳು. ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನೂ ತನ್ನ ಹಗ್ಗಕ್ಕೆ ಸಲ್ಲತಕ್ಕ ಬೆಲೆಗಿಂತ ಹೆಚ್ಚು ಬಂದುದನ್ನು ಒಪ್ಪಲಿಲ್ಲವೆಂದು ಶರಣಚರಿತೆಗಳು ಹೇಳುತ್ತವೆ. ಡೆನ್ಮಾರ್ಕಿನ ಬಡಗಿಗೂ ಕಲ್ಯಾಣದ ಶರಣರಿಗೂ ದೇಶಕಾಲಗಳ ದೂರವು ಬಹಳ. ಆದರೆ ನ್ಯಾಯವಾದ ದುಡಿಮೆಯು ತನ್ನ ಮೇರೆಯನ್ನು ತಾನೇ ಬಲ್ಲುದೆಂಬ ಮಾತಿನಲ್ಲಿ ಅವರು ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ.

ಗೃಹಸ್ಥರೆಲ್ಲರೂ ಲಕ್ಕಮ್ಮನಾಗಬೇಕೆಂದು ಹೇಳುವುದು ಸುಲಭ, ಬಾಳುವುದು ಕಷ್ಟ. ಸಾಲವಿರುವ ಮನೆಯ ಮುಂದೆ ನಿಂತು ವೈರಾಗ್ಯವನ್ನು ಬೋಧಿಸುವುದು ದಯೆಯಲ್ಲ. ಆದುದರಿಂದ ಇಂತಹ ಸಂಗ್ರಹದಲ್ಲಿ ಈಗಾಗಲೇ ತೊಡಗಿರುವವನು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಕ್ಕೆ ಮೂರು ಮಾತುಗಳು ಸಾಕು. ಮೊದಲನೆಯದು: ಮನೆಯ ಅನ್ನ, ಔಷಧ, ವಿದ್ಯೆಗಳ ಹಣವನ್ನು ಇದಕ್ಕೆ ಹಾಕಿಲ್ಲವಷ್ಟೆ? ಆಟಿಕೆಯ ಬೆಲೆಯನ್ನು ನಂಬಿ ಸಾಲ ಮಾಡಿದವನು ಕಾಯುವವನಾಗಿ ಉಳಿಯುವುದಿಲ್ಲ, ಸೆರೆಯಾಳಾಗುತ್ತಾನೆ. ಎರಡನೆಯದು: ಮನೆಯಲ್ಲಿ ಆಡುವ ಮಗುವಿದ್ದರೆ ಅದರ ಪಾಲು ಮೊದಲು ಸಂದಿದೆಯೇ? ಹೊಸ ಅಕ್ಕಿಯನ್ನು ಮನೆಯ ದೇವರಿಗೂ ಅತಿಥಿಗೂ ಸಲ್ಲಿಸದೆ ಮಾರುಕಟ್ಟೆಗೆ ಕಳುಹಿಸುವ ಒಕ್ಕಲಿಗನಿಲ್ಲ. ಮೂರನೆಯದು: ತಾನಿಟ್ಟ ವಸ್ತುವು ನಾಳೆ ಎಲ್ಲರಿಗೂ ಅಗ್ಗವಾಗಿ ದೊರೆಯುವುದೆಂಬ ಸುದ್ದಿ ಬಂದರೆ ತನ್ನ ಮುಖವು ಅರಳುವುದೋ, ಬಾಡುವುದೋ? ಅರಳುವುದಾದರೆ ಅವನು ಆ ವಸ್ತುವನ್ನು ಪ್ರೀತಿಸಿ ಕೂಡಿಟ್ಟವನು. ಅಂತಹ ಸಂಗ್ರಾಹಕನು ಎಷ್ಟೋ ಸಲ ಲೋಕವು ಎಸೆದುದನ್ನು ಉಳಿಸಿ ಮುಂದಿನವರಿಗೆ ಉಪಕಾರ ಮಾಡುತ್ತಾನೆ. ಬಾಡುವುದಾದರೆ ಅವನು ಪೆಟ್ಟಿಗೆಗೆ ಒಡೆಯನಲ್ಲ, ಆಳು.

ಈ ಮೂರರಲ್ಲಿ ಎರಡನೆಯದು ಲಘುವೆಂದು ತೋರಬಹುದು. ವಾಸ್ತವವಾಗಿ ಅದೇ ಗುರುತರವಾದುದು. ಆ ಏಳು ವರ್ಷದ ಬಾಲಕನು ಅಟ್ಟದಿಂದ ಇಳಿಯುವಾಗ ಕಲಿತುದೇನು? ಈ ಮನೆಯಲ್ಲಿ ಆಟಿಕೆಗಳಿವೆ, ಆದರೆ ಆಡುವುದಕ್ಕಲ್ಲ. ಇವು ನನ್ನ ವಿದ್ಯೆಗಾಗಿಯೇ ಇವೆ, ಆದರೆ ನನ್ನ ಕೈಗಲ್ಲ. ವಸ್ತುವನ್ನು ಮುಟ್ಟದಿರುವುದೇ ಅದಕ್ಕೆ ಗೌರವ. ಶಾಲೆಯ ಯಾವ ಪುಸ್ತಕವೂ ಇಷ್ಟು ಬೇಗನೆ ಪಾಠ ಕಲಿಸದು. ಅವನ ವಿದ್ಯಾಭ್ಯಾಸಕ್ಕೆಂದು ತಂದೆಯು ಕೂಡಿಟ್ಟ ಪೆಟ್ಟಿಗೆಯೇ ಅವನಿಗೆ ಮೊದಲ ಪಾಠವಾಗಿಬಿಟ್ಟಿತು. ಮತ್ತೊಂದು ಮಾತು. ಹತ್ತು ವರ್ಷಗಳ ಮೇಲೆ ಪೆಟ್ಟಿಗೆಯ ಬೆಲೆ ಎರಡರಷ್ಟೋ ಮೂರರಷ್ಟೋ ಆಗಬಹುದು. ಹುಡುಗನಿಗೆ ಆಗ ಹದಿನೇಳು ವರ್ಷ. ನಿಂತುಹೋದ ಆಟಿಕೆಯನ್ನು ಕಂಪನಿಯು ಮತ್ತೆ ತಯಾರಿಸಬಲ್ಲುದೆಂಬುದನ್ನು ತಾಜಮಹಲಿನ ವೃತ್ತಾಂತದಲ್ಲಿ ಕಂಡುದಾಯಿತು. ಏಳನೆಯ ವರ್ಷವನ್ನು ಮತ್ತೆ ತಯಾರಿಸುವ ಕಂಪನಿಯಿಲ್ಲ. ನಿಜವಾಗಿ ನಿವೃತ್ತವಾಗುತ್ತಿರುವುದು ಪೆಟ್ಟಿಗೆಯಲ್ಲ. ಅದರ ಮುಂದೆ ನಿಂತಿರುವ ಬಾಲ್ಯ.

ದೃಷ್ಟಾಂತದ ಮನೆಯಲ್ಲಿ ಮುಂದೇನಾಯಿತೆಂಬುದನ್ನೂ ಊಹಿಸಬಹುದು. ಹಿರಿಯನು ಹನ್ನೆರಡು ಪೆಟ್ಟಿಗೆಗಳನ್ನೂ ಒಡೆಯೆಂದು ಹೇಳುವುದಿಲ್ಲ. ಮಗನ ಕಷ್ಟ ಅವನಿಗೆ ಗೊತ್ತು. “ಒಂದನ್ನು ಕೊಡಪ್ಪಾ, ಉಳಿದ ಹನ್ನೊಂದರ ಮಾತು ನಿನ್ನದು” ಎನ್ನುತ್ತಾನೆ. ಮಗನು ಬಹಳ ಹೊತ್ತು ಪೆಟ್ಟಿಗೆಯನ್ನು ಹಿಡಿದುಕೊಂಡು ಕುಳಿತಿರುತ್ತಾನೆ. ಮನಸ್ಸಿನಲ್ಲಿ ಲೆಕ್ಕ ನಡೆದಿರುತ್ತದೆ. ಕೊನೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ತುದಿಗೆ ಅಂಟುಪಟ್ಟಿಯನ್ನು ತಾಗಿಸುತ್ತಾನೆ. ಹೊರಗೆ ಹಿಂಗಾರಿನ ಮಳೆ ಹನಿಯುತ್ತಿರುವಾಗ ಹುಡುಗನು ಜಗಲಿಯ ಮೇಲೆ ಇಟ್ಟಿಗೆಗಳನ್ನು ಹರವಿಕೊಳ್ಳುತ್ತಾನೆ. ಪೆಟ್ಟಿಗೆಯ ಮೇಲಿನ ಚಿತ್ರದ ಕೋಟೆಯನ್ನು ಅವನು ಕಟ್ಟುವುದಿಲ್ಲ. ನಾಲ್ಕು ಕಂಬಗಳನ್ನು ನಿಲ್ಲಿಸಿ, ಮೇಲೊಂದು ಅಟ್ಟವನ್ನಿಟ್ಟು, ಇದು ಅಜ್ಜನ ಮನೆಯೆಂದು ಹೇಳುತ್ತಾನೆ. ತಂದೆಯು ಮೊದಲು ಸುಮ್ಮನೆ ನೋಡುತ್ತಾನೆ. ಆಮೇಲೆ ಕಂಬವೊಂದು ವಾಲಿದುದನ್ನು ಕಂಡು ಸರಿಪಡಿಸುವುದಕ್ಕೆ ತಾನೂ ಕೆಳಗೆ ಕೂರುತ್ತಾನೆ. ಅಟ್ಟದ ಮೇಲೆ ಹನ್ನೊಂದು ಪೆಟ್ಟಿಗೆಗಳು ಉಳಿದೇ ಇವೆ. ಅವನ ಚಿಂತ��ಯೂ ಪೂರ್ತಿಯಾಗಿ ಹೋಗಿಲ್ಲ.

ಕಾಯುವುದು ಕಾಯಕವಾಗಬಲ್ಲುದೇ ಎಂದು ಮೊದಲು ಕೇಳಿದುದಕ್ಕೆ ಈಗ ಉತ್ತರ ಹೇಳಬಹುದು. ಬೇರೊಬ್ಬನ ಉಪಯೋಗಕ್ಕಾಗಿ ಕೆಡದಂತೆ ಕಾಯ್ದರೆ ಅದು ಕಾಯಕ. ಬೀಜವನ್ನು ಕಾಯುವ ಒಕ್ಕಲಿಗನೂ, ತೊಟ್ಟಿಲನ್ನು ಕಾಯುವ ತಾಯಿಯೂ ಅದಕ್ಕೆ ಸಾಕ್ಷಿ. ಬೇರೊಬ್ಬನಿಗೆ ಸಿಗದಿರುವುದನ್ನೇ ನೆಚ್ಚಿ ಕಾಯ್ದರೆ ಅದು ಬರಿಯ ಕಾವಲು. ಕಾವಲುಗಾರನಿಗೆ ಸಂಬಳ ಸಿಗಬಹುದು, ನಿದ್ರೆ ಸಿಗುವುದಿಲ್ಲ. ಗೃಹಸ್ಥನಾದವನು ತನ್ನ ಅಟ್ಟವನ್ನು ಒಮ್ಮೆ ಹತ್ತಿ, ಅಲ್ಲಿರುವುದರಲ್ಲಿ ತಾನು ಯಾವುದನ್ನು ಕಾಯುತ್ತಿರುವೆನು, ಯಾವುದು ತನ್ನನ್ನು ಕಾಯಿಸುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.